ಟ್ಯಾಂಗೋ ವಿರಹಕ್ಕೆ ಮೊದಲು ಯಾವ್ದು: ‘ಮಿ ನೋಚೆ ತ್ರಿಸ್ತೆ’ನಾ, ‘ಸುರ್’ ಆ?

ಟ್ಯಾಂಗೋ ಅಂದ್ರೆ ಬರೀ ಡಾನ್ಸ್ ಅನ್ಕೊಂಡಿರೋರು ಅರ್ಜೆಂಟೀನಾದ ಈ ಎರಡು ಹಾಡಲ್ಲಿ ಒಂದು ಕೇಳಿ ನೋಡಿ.

‘ಮಿ ನೋಚೆ ತ್ರಿಸ್ತೆ’ (ಅಂದ್ರೆ ‘ನನ್ನ ದುಃಖದ ರಾತ್ರಿ’) 1917ರಲ್ಲಿ ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ದೆಲ್ ರೆಕಾರ್ಡ್ ಮಾಡಿದ್ದು, ಸಾಹಿತ್ಯ ಪಾಸ್ಕುವಲ್ ಕೊಂತುರ್ಸಿದು. ಬಿಟ್ಟು ಹೋದವಳ ಹತ್ರ ನೇರವಾಗಿ ಹೇಳ್ಕೊಳ್ಳೋ ಗೋಳು, ಆದ್ರೆ ಮಜಾ ಇರೋದೆಲ್ಲ ರೂಮಿನ ಸಾಮಾನಲ್ಲಿ, ಗಿಟಾರು ಬೀರುವಲ್ಲಿ ನೇತಾಡ್ತಿದೆ ಯಾರೂ ನುಡಿಸಲ್ಲ, ದೀಪ ಬೆಳಕು ಕೊಡೋಕೆ ಒಪ್ಪಲ್ಲ, ಮಂಚಕ್ಕೂ ಸಿಟ್ಟು, ಅವಳು ಬಂದ್ರೂ ಬರಬಹುದು ಅಂತ ಇವ್ನು ಬಾಗಿಲು ತೆಗೆದಿಟ್ಟೇ ಮಲಗ್ತಾನೆ, ‘ಮಾತೆ’ ಅನ್ನೋ ಅಲ್ಲಿನ ಟೀ ಥರದ ಪಾನೀಯದ ಜೊತೆಗೆ ಅಂತ ಬಿಸ್ಕತ್ತು ಬೇರೆ ತರ್ತಾನೆ ಪಾಪ. ಒಂದೇ ತೊಂದ್ರೆ, ಬ್ಯೂನಸ್ ಐರಿಸ್‌ನ ಗಲ್ಲಿ ಭಾಷೆ ಲುನ್ಫಾರ್ದೊ ಜಾಸ್ತಿ, ಸ್ಪ್ಯಾನಿಷ್ ಕಲ್ತವ್ರೂ ತಡವರಿಸ್ತಾರೆ.

‘ಸುರ್’ (ಅಂದ್ರೆ ‘ದಕ್ಷಿಣ’) 1948ದು, ಒಮೇರೊ ಮಾನ್ಸಿ ಬರೆದಿದ್ದು, ಟ್ಯೂನ್ ಅನಿಬಾಲ್ ತ್ರೊಯ್ಲೊದು. ಇಲ್ಲಿ ಹುಡುಗಿ ಜೊತೆಗೆ ಬ್ಯೂನಸ್ ಐರಿಸ್‌ನ ಇಡೀ ಏರಿಯಾನೇ ಕೈತಪ್ಪಿ ಹೋಗಿದೆ, ಪೊಂಪೇಯ, ಸಾನ್ ಹುವಾನ್-ಬೊಎದೊ ಕಾರ್ನರ್, ಕಮ್ಮಾರನ ಮೂಲೆ, ಆ ಕೆಸರು. ಬೈಯೋಕೆ ಯಾರೂ ಸಿಗಲ್ಲ.

ಬ್ರೇಕಪ್ ಈಗಷ್ಟೇ ಆಗಿದ್ರೆ ಮೊದಲನೇದು ಹಾಕ್ಕೊಂಡು ಅತ್ತುಬಿಡಿ. ಊರು ಬಿಟ್ಟು ವರ್ಷಗಳಾಗಿದ್ರೆ ‘ಸುರ್’, ನನ್ನ ವೋಟೂ ಅದಕ್ಕೇ, ಅದೂ ಗಾಯಕ ಎದ್ಮುಂದೊ ರಿವೇರೊನ ಆ ದಪ್ಪ ದನೀಲೇ ಕೇಳಿ.