ಕಡಲ ಬಂಡೆಗಳ ಮೇಲೆ ಆರು ವರ್ಷ ನಿಂತ ನನ್ನ ಕಾರ್ಬನ್ ಫೈಬರ್ ಟ್ರೈಪಾಡ್

ಈ ಟ್ರೈಪಾಡ್ ನನ್ನ ಕೈಗೆ ಬಂದು ಆರು ವರ್ಷ ಆಯಿತು. ಇಷ್ಟು ದಿನವೂ ಇದರ ಕೆಲಸ ಒಂದೇ ಕಡೆ. ಕಲ್ಲುಬಂಡೆಗಳ ಕಡಲತೀರ, ಅಲ್ಲಿನ ಅಲೆಗಳು, ದೂರದಲ್ಲೊಂದು ಲೈಟ್‌ಹೌಸ್. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಉಪ್ಪು ಒಂದು ವಾರದಲ್ಲಿ ಏನೂ ಮಾಡುವುದಿಲ್ಲ. ಅದು ಸದ್ದಿಲ್ಲದೆ ಒಳಗೆ ಹೋಗಿ ಕೂರುತ್ತದೆ, ಅದರ ಪರಿಣಾಮ ಕಾಣುವುದು ಎರಡನೇ ವರ್ಷದಿಂದ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ಇದು ಎಂಥದ್ದು ಅಂತ ಹೇಳಿಬಿಡುತ್ತೇನೆ. ನಾಲ್ಕು ತುಂಡಿನ ಕಾಲುಗಳು, ಮೇಲಿನ ಕೊಳವೆ 28 ಮಿಲಿಮೀಟರ್ ದಪ್ಪ, ತಿರುಗಿಸಿ ಬಿಗಿ ಮಾಡುವ ಲಾಕ್, ಮೇಲೆ ಬಾಲ್ ಹೆಡ್, ಅಂದರೆ ಕ್ಯಾಮೆರಾವನ್ನು ಯಾವ ಕಡೆಗಾದರೂ ತಿರುಗಿಸಿ ಬಿಗಿ ಮಾಡುವ ಗೋಳದ ಕೀಲು. ಹೆಡ್ ಸೇರಿ 2 ಕೆಜಿಗೆ ಸ್ವಲ್ಪ ಕಡಿಮೆ ತೂಕ. ಹೆಚ್ಚುಕಡಿಮೆ ಇದೇ ರೀತಿಯದನ್ನು ಹಲವು ಕಂಪನಿಗಳು ಮಾಡುತ್ತವೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಇದಕ್ಕೂ ಮೊದಲು ನನ್ನ ಬಳಿ ಅಲ್ಯೂಮಿನಿಯಂನದ್ದೊಂದು ಇತ್ತು. ಮೂರನೇ ವರ್ಷಕ್ಕೆ ಅದರ ಕೊಳವೆಗಳ ಮೇಲೆಲ್ಲ ಬಿಳಿ ಪುಡಿ ಎದ್ದು, ಒಂದು ಕಾಲು ಹೊರಗೆ ಎಳೆಯಲಿಕ್ಕೇ ಬರಲಿಲ್ಲ.

ಗಾಳಿಯಲ್ಲಿ ಇದು ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಲೈಟ್‌ಹೌಸಿನ ಮೇಲ್ಗಡೆ ದೀಪದ ಕೋಣೆಯ ಸುತ್ತ ಒಂದು ಕಟಕಟೆ ಇರುತ್ತದೆ ಅಲ್ವಾ? ಕ್ಯಾಮೆರಾದ ಪರದೆಯಲ್ಲಿ ಅದನ್ನು ಪೂರ್ತಿ ದೊಡ್ಡದು ಮಾಡಿ ನೋಡುತ್ತೇನೆ. ಕಟಕಟೆಯ ಸರಳುಗಳು ಬೇರೆ ಬೇರೆಯಾಗಿ ಕಂಡರೆ ಶಟರ್ ಒತ್ತಬಹುದು. ಅವು ಒಂದಕ್ಕೊಂದು ಅಂಟಿದಂತೆ ಅಲ್ಲಾಡಿದರೆ ಎಷ್ಟು ತೆಗೆದರೂ ವ್ಯರ್ಥ. ಈ ಟ್ರೈಪಾಡ್, ನಡುವಿನ ಕಂಬ ಎತ್ತದೆ ಇದ್ದರೆ, ಸಾಕಷ್ಟು ಜೋರು ಗಾಳಿಯಲ್ಲೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಕಂಬ ಎತ್ತಿದ ಕೂಡಲೇ ಸೋಲುತ್ತದೆ. ನಾನು ಆ ಕಂಬ ಎತ್ತಿ ನಾಲ್ಕು ವರ್ಷದ ಮೇಲಾಯಿತು.

ಗಾಳಿಗೆ ಇನ್ನೂ ಎರಡು ಮಾತು. ಕ್ಯಾಮೆರಾದ ಪಟ್ಟಿ ಬಿಚ್ಚಿಡಿ. ಅದು ಗಾಳಿಗೆ ಪಟಪಟ ಬಡಿದರೆ ಇಡೀ ಕ್ಯಾಮೆರಾ ನಡುಗುತ್ತದೆ. ನಡುವಿನ ಕೊಕ್ಕೆಗೆ ಚೀಲ ನೇತುಹಾಕುವುದಾದರೆ ಚೀಲದ ತಳ ನೆಲಕ್ಕೆ ತಾಗಿರಲಿ. ತೂಗಾಡುವ ಚೀಲದಿಂದ ಅಲುಗಾಟ ಜಾಸ್ತಿಯೇ ಆಗುತ್ತದೆ.

ಅಲೆಗಳ ಚಿತ್ರಕ್ಕೆ ಬಂದರೆ, ಲೆನ್ಸ್ ಮುಂದೆ 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು, ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಹಾಕಿದಾಗ ಬೆಳಕು ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ. 1/60 ಸೆಕೆಂಡ್ ಶಟರ್ ತೆರೆದು ತೆಗೆಯುವ ಚಿತ್ರಕ್ಕೆ ಆಗ 17 ಸೆಕೆಂಡ್ ತೆರೆದಿಡಬೇಕಾಗುತ್ತದೆ. ನೀರು ಮಂಜಿನ ಹಾಗೆ ಕಾಣುತ್ತದೆ. ಮೊದಲೆರಡು ವರ್ಷ ನಾನೂ ಅದನ್ನೇ ತೆಗೆದೆ. ಈಗ ನನಗೆ ಅದಕ್ಕಿಂತ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಚಿತ್ರಗಳೇ ಇಷ್ಟ. ಅಲೆ ಒಡೆದು ಹಿಂದಕ್ಕೆ ಸರಿಯುವಾಗ ನೊರೆ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುತ್ತದೆ. ಆ ಎಳೆಗಳಲ್ಲಿ ಸಮುದ್ರದ ಶಕ್ತಿ ಉಳಿದಿರುತ್ತದೆ. ಆದರೆ ಅಂಥ ಚಿತ್ರಕ್ಕೆ ಟ್ರೈಪಾಡ್ ನೀರಿನೊಳಗೇ ನಿಲ್ಲಬೇಕು.

ಇಲ್ಲಿ ಒಂದು ಉಪಾಯ ಬಹಳ ಕೆಲಸಕ್ಕೆ ಬಂದಿದೆ. ಸಾಮಾನ್ಯವಾಗಿ ದಪ್ಪ ಕೊಳವೆಗಳನ್ನು ಮೊದಲು ಎಳೆಯಿರಿ ಅನ್ನುತ್ತಾರೆ. ನೀರಿನಲ್ಲಿ ನಾನು ತಿರುಗಾಮುರುಗಾ ಮಾಡುತ್ತೇನೆ. ಎಲ್ಲಕ್ಕಿಂತ ಕೆಳಗಿನ ಸಣ್ಣ ತುಂಡನ್ನು ಮೊದಲು ಪೂರ್ತಿ ಎಳೆದು ಬಿಡುತ್ತೇನೆ. ಆಗ ಲಾಕ್ ಇರುವ ಜಾಗ ನೀರಿಗಿಂತ ಮೇಲೆ ಉಳಿಯುತ್ತದೆ, ಮರಳು ಒಳಗೆ ಹೋಗುವುದಿಲ್ಲ. ಇನ್ನು ಮರಳಿನ ಮೇಲೆ ನಿಲ್ಲಿಸಿದರೆ ಪ್ರತಿ ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಟ್ರೈಪಾಡ್ ಕುಸಿಯುತ್ತದೆ. ಅದಕ್ಕೆ ಮೊದಲೇ ಕಾಲುಗಳನ್ನು ಗಟ್ಟಿಯಾಗಿ ಒತ್ತಿ, ಎರಡು ಮೂರು ಅಲೆ ಹೋಗಲು ಬಿಟ್ಟು, ಆಮೇಲೆ ಚೌಕಟ್ಟು ಸರಿ ಮಾಡುತ್ತೇನೆ. ಪಾಚಿ ಹಿಡಿದ ಬಂಡೆಯಾದರೆ ರಬ್ಬರ್ ಪಾದ ಜಾರುತ್ತದೆ. ಅಲ್ಲಿಗೆ ಮೊನೆಯಿರುವ ಲೋಹದ ಪಾದ ಬೇಕೇ ಬೇಕು.

ಕತ್ತಲಾದ ಮೇಲಿನ ಲೈಟ್‌ಹೌಸ್ ಚಿತ್ರಗಳಿಗಾಗಿಯೇ ನಾನು ಈ ಟ್ರೈಪಾಡ್ ಹೊತ್ತು ತಿರುಗುವುದು. ಪ್ರತಿ ದೀಪಕ್ಕೂ ತನ್ನದೇ ಲಯ ಇದೆ. ಒಂದು 10 ಸೆಕೆಂಡಿಗೊಮ್ಮೆ ಮಿನುಗುತ್ತದೆ, ಇನ್ನೊಂದು ಎರಡು ಸಲ ಮಿನುಗಿ ಸುಮ್ಮನಾಗುತ್ತದೆ. ಹಡಗಿನವರು ಆ ಲಯ ಎಣಿಸಿಯೇ ಇದು ಯಾವ ದೀಪ ಅಂತ ಗುರುತಿಸುತ್ತಾರೆ. ಫೋಟೋ ತೆಗೆಯುವವರೂ ಎಣಿಸಬೇಕು. 10 ಸೆಕೆಂಡಿನ ಲಯದ ದೀಪಕ್ಕೆ 7 ಸೆಕೆಂಡ್ ಶಟರ್ ಇಟ್ಟರೆ ಕೆಲವು ಚಿತ್ರಗಳಲ್ಲಿ ದೀಪ ಉರಿದಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. 10 ಅಥವಾ 20 ಸೆಕೆಂಡ್ ಇಟ್ಟರೆ ಪ್ರತಿ ಚಿತ್ರದಲ್ಲೂ ಬೆಳಕು ಒಂದೇ ಸಮ. ಇದನ್ನು ನಾನು ಕಲಿಯಲು ಒಂದು ಇಡೀ ರಾತ್ರಿ ಹೋಯಿತು.

ತಿರುಗುವ ಬೆಳಕಿನ ಕೋಲು ಗಾಳಿಯಲ್ಲಿ ಎದ್ದು ಕಾಣಬೇಕು ಅಂದರೆ ಲೆಕ್ಕ ಬೇರೆ. ಉದ್ದನೆಯ ಶಟರ್‌ನಲ್ಲಿ ಕೋಲುಗಳು ಒಂದರ ಮೇಲೊಂದು ಹರಡಿ ಬರೀ ಮಬ್ಬು ಉಳಿಯುತ್ತದೆ. ಅದಕ್ಕೆ ಒಂದೆರಡು ಸೆಕೆಂಡ್ ಸಾಕು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಬೇಕು. ಜೊತೆಗೆ ಗಾಳಿಯಲ್ಲಿ ತೆಳು ಮಂಜೋ ಜಿನುಗು ಮಳೆಯೋ ಇರಬೇಕು. ಆ ಹನಿಗಳಿಗೆ ತಾಗಿ ಚದುರಿದ ಬೆಳಕೇ ನಮ್ಮ ಕಣ್ಣಿಗೆ ಕೋಲಾಗಿ ಕಾಣುವುದು. ತಿಳಿ ಆಕಾಶದ ರಾತ್ರಿ ಇದು ಸಿಗುವುದು ಕಷ್ಟ. ನೆಲ, ಬಂಡೆ, ಗೋಪುರದ ಗೋಡೆ ಇವೆಲ್ಲ ಕಾಣಲಿ ಅಂತ ನಾನು ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕಲ್ಲೇ ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ. ಆಮೇಲೆ ಟ್ರೈಪಾಡ್ ಮುಟ್ಟದೆ, ಪೂರ್ತಿ ಕತ್ತಲಾಗುವ ತನಕ ಕಾದು, ಬೆಳಕಿನ ಕೋಲಿನ ಚಿತ್ರ ತೆಗೆಯುತ್ತೇನೆ. ಮನೆಯಲ್ಲಿ ಎರಡನ್ನೂ ಸೇರಿಸಿದಾಗ ಸಾಲಿಗೆ ಸಾಲು ಕೂಡಬೇಕು. ಗಟ್ಟಿ ಬಂಡೆಯ ಮೇಲೆ ಈ ಟ್ರೈಪಾಡ್ ಒಂದು ಗಂಟೆ ನಿಂತರೂ ಕೂದಲೆಳೆಯಷ್ಟೂ ಸರಿದಿಲ್ಲ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಆಗ.

ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಟೆಲಿ ಲೆನ್ಸ್ ಹಾಕಿದಾಗ ಮಾತ್ರ ಬಾಲ್ ಹೆಡ್ ಕೈಕೊಡುತ್ತದೆ. ಹಗಲಲ್ಲಿ ದೀಪದ ಕೋಣೆಯೊಳಗಿನ ಗಾಜಿನ ಚಿತ್ರ ತೆಗೆಯುವುದೆಂದರೆ ನನಗೆ ತುಂಬ ಇಷ್ಟ. ಫ್ರಾನ್ಸಿನ ಒಗಸ್ಟಿನ್ ಫ್ರೆನೆಲ್ ರೂಪಿಸಿದ ಲೆನ್ಸ್ ಅದು, 1823ರಲ್ಲಿ ಅಲ್ಲಿನ ಕೊರ್ಡುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಉಂಗುರದೊಳಗೆ ಉಂಗುರ ಇಟ್ಟಂತಿರುವ ಆ ಗಾಜನ್ನು 400 ಮಿಲಿಮೀಟರ್ ಲೆನ್ಸ್‌ನಲ್ಲಿ ಹತ್ತಿರದಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಹೆಡ್ ಲಾಕ್ ಮಾಡಿ ಕೈ ಬಿಟ್ಟ ಕೂಡಲೇ ಚೌಕಟ್ಟು ಒಂಚೂರು ಕೆಳಗೆ ಇಳಿಯುತ್ತದೆ. ಆರು ವರ್ಷದಿಂದಲೂ ಹೀಗೇ. ನಾನು ಒಂಚೂರು ಮೇಲೆ ಗುರಿಯಿಟ್ಟು ಲಾಕ್ ಮಾಡುವುದು ರೂಢಿ ಮಾಡಿಕೊಂಡಿದ್ದೇನೆ. ಉದ್ದ ಲೆನ್ಸೇ ನಿಮ್ಮ ಮುಖ್ಯ ಕೆಲಸವಾದರೆ ಇದಕ್ಕಿಂತ ದೊಡ್ಡ ಹೆಡ್ ತಗೊಳ್ಳಿ.

ಇನ್ನು ಉಪ್ಪಿನ ವಿಷಯ. ಕಾರ್ಬನ್‌ಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ. ಆದರೆ ಕಾರ್ಬನ್ ಕೊಳವೆಯನ್ನು ಹಿಡಿದಿರುವ ಭಾಗಗಳೆಲ್ಲ ಅಲ್ಯೂಮಿನಿಯಂ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಾಗಿ, ನಡುವೆ ಉಪ್ಪುನೀರು ಸೇರಿದರೆ ಒಂದು ಸಣ್ಣ ಬ್ಯಾಟರಿ ಆದ ಹಾಗೆ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಹೊರಗಿನಿಂದ ಟ್ರೈಪಾಡ್ ಹೊಸದರಂತೆ ಹೊಳೆಯುತ್ತಿರುತ್ತದೆ, ಒಳಗೆ ಕೀಲು ಸಡಿಲವಾಗುತ್ತಿರುತ್ತದೆ.

ನನಗೆ ಆಗಿದ್ದೂ ಇದೇ. ನಾಲ್ಕನೇ ವರ್ಷ ಒಂದು ಕಾಲು, ಮೇಲಿನ ಕೀಲಿಗೆ ಅಂಟಿಸಿದ್ದ ಜಾಗದಲ್ಲಿ, ಗುಂಡಗೆ ತಿರುಗತೊಡಗಿತು. ಸರ್ವಿಸ್‌ಗೆ ಕಳಿಸಿದೆ. ಸಮುದ್ರದ ನೀರು ತಾಗಿದೆ, ವಾರಂಟಿ ಇಲ್ಲ ಅಂತ ವಾಪಸ್ ಬಂತು. ಡಬ್ಬದ ಮೇಲೆ ಕಡಲತೀರದ ಚಿತ್ರವನ್ನೇ ಹಾಕಿ ಮಾರಿದ ಮೇಲೆ ಹೀಗೆ ಹೇಳುವುದು ಸರಿಯಲ್ಲ. ನನಗೆ ಇವತ್ತಿಗೂ ಬೇಸರವಿದೆ. ಕೊನೆಗೆ ನಾನೇ ಕಾಲು ಬಿಚ್ಚಿ, ಬಿಳಿ ಪುಡಿ ಕೆರೆದು, ಎಪಾಕ್ಸಿ ಹಾಕಿ ಅಂಟಿಸಿದೆ. ಎರಡು ವರ್ಷದಿಂದ ಅಲ್ಲಾಡಿಲ್ಲ.

ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ. ಕಾಲಿನ ತುಂಡುಗಳನ್ನು ಯಾವ ಸಲಕರಣೆಯೂ ಇಲ್ಲದೆ ಕೈಯಲ್ಲೇ ಬಿಚ್ಚಲು ಬರುತ್ತದೆಯಾ? ಬರುವುದಿಲ್ಲ ಅಂದರೆ ಸಮುದ್ರಕ್ಕೆ ಅದು ಬೇಡ. ನಾನು ಪ್ರತಿ ಸಲ ಮನೆಗೆ ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಲಾಕ್‌ಗಳನ್ನು ಪೂರ್ತಿ ತಿರುಗಿಸಿ ಕೊಳವೆಗಳನ್ನು ಹೊರಗೆ ಎಳೆಯುತ್ತೇನೆ. ಕೊಳವೆಯ ಮೇಲಿನ ತುದಿಗೆ ಹಿಡಿದುಕೊಂಡಿರುವ ಚಿಕ್ಕ ಪ್ಲಾಸ್ಟಿಕ್ ಚಿಪ್ಪುಗಳು ಉದುರುತ್ತವೆ, ಜೋಪಾನ. ಯಾವುದು ಯಾವ ಕಾಲಿನದ್ದು ಅಂತ ಮೊದಲ ಸಲ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು, ಲಾಕ್‌ಗಳ ತಿರುಪಿನ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬೆಳಗಿನವರೆಗೆ ನೆರಳಲ್ಲಿ ಒಣಗಲು ಬಿಡುತ್ತೇನೆ. ಜೋಡಿಸುವಾಗ ತಿರುಪಿನ ಗೆರೆಗಳಿಗೆ ಮಾತ್ರ ತೆಳುವಾಗಿ ಗ್ರೀಸ್. ಬಾಲ್ ಹೆಡ್‌ನ ಗೋಳಕ್ಕೆ ಗ್ರೀಸ್ ಹಚ್ಚಬೇಡಿ, ಹಿಡಿತ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಳೆಯುವ ಕೆಲಸ ಹದಿನೈದು ನಿಮಿಷದ್ದು. ಮೊದಲ ಮೂರು ವರ್ಷ ನಾನು ಸುಮ್ನೆ ಹೊರಗಿನಿಂದ ನೀರು ಸುರಿದು ಇಡುತ್ತಿದ್ದೆ. ಆ ಕೀಲು ಬಿಟ್ಟಿದ್ದರಲ್ಲಿ ನನ್ನ ಪಾಲೂ ಇದೆ ಅಂತ ಈಗ ಅನ್ನಿಸುತ್ತದೆ.

ಎರಡನೇ ವರ್ಷ ಒಂದು ರಬ್ಬರ್ ಪಾದ ಕಳಚಿ ಅಲೆಯ ಜೊತೆ ಹೋಯಿತು. ಅದು ಒತ್ತಿ ಕೂರಿಸುವಂಥದ್ದು. ತಿರುಪಿನ ಪಾದ ಇರುವುದನ್ನೇ ತಗೊಳ್ಳಿ.

ಇನ್ನೊಂದು ಮಾತು, ಇದು ಟ್ರೈಪಾಡ್‌ಗಿಂತ ಮುಖ್ಯ. ಬಂಡೆಗೆ ಇಳಿಯುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಮೇಲೆ ನಿಂತು ಅಲೆಗಳನ್ನು ನೋಡಿ. ಒದ್ದೆಯಾಗಿರುವ ಬಂಡೆ ಅಂದರೆ ಅಲೆ ಅಲ್ಲಿಗೆ ಬರುತ್ತದೆ ಅಂತ ಅರ್ಥ. ದಿನಕ್ಕೆ ಎರಡು ಉಬ್ಬರ ಬರುವ ತೀರಗಳಲ್ಲಿ ಅದರ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ದೊಡ್ಡ ಅಲೆ ಬಂದರೆ ಟ್ರೈಪಾಡ್ ಹಿಡಿಯಲು ಹೋಗಬೇಡಿ, ಬಿಟ್ಟು ಓಡಿ. ನಾನು ಒಮ್ಮೆ ಹಿಡಿಯಲು ಹೋಗಿ ಮೊಣಕಾಲು ಒಡೆದುಕೊಂಡೆ. ಟ್ರೈಪಾಡ್ ತಾನಾಗಿಯೇ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು.

ಇದೇ ಟ್ರೈಪಾಡನ್ನು ಮತ್ತೆ ಕೊಳ್ಳುತ್ತೀರಾ ಅಂತ ಕೇಳಿದರೆ, ಕಾಲುಗಳನ್ನು ಕೊಳ್ಳುತ್ತೇನೆ, ಹೆಡ್ ಬೇರೆಯದು ಹಾಕುತ್ತೇನೆ. ಸದ್ಯಕ್ಕೆ ಒಂದು ಕಾಲಿನ ಪ್ಲಾಸ್ಟಿಕ್ ಚಿಪ್ಪು ಸವೆದು ಲಾಕ್ ಸ್ವಲ್ಪ ಜಾರುತ್ತಿದೆ. ಹೊಸ ಜೋಡಿ ತರಿಸಿದ್ದೇನೆ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಇಳಿತ ಜಾಸ್ತಿ ಇರುತ್ತದೆ, ಬೇರೆ ದಿನ ನೀರಡಿಯಲ್ಲಿರುವ ಬಂಡೆಗಳೂ ಹೊರಗೆ ಬರುತ್ತವೆ. ಅಲ್ಲಿಂದ ಲೈಟ್‌ಹೌಸ್ ಹೇಗೆ ಕಾಣುತ್ತದೆ ಅಂತ ನಾನಿನ್ನೂ ನೋಡಿಲ್ಲ. ಅಷ್ಟರೊಳಗೆ ಚಿಪ್ಪು ಬದಲಾಯಿಸಬೇಕು.