ಗ್ಯಾಸ್ ಪಿಸ್ಟನ್ ಒತ್ತಡ ಇಳಿಸುವ ಬ್ಲೀಡ್ ಟೂಲ್: ಟೂಲ್ ಚೆನ್ನ, ಕೈಪಿಡಿ ಕಳಪೆ

ನನ್ನ ಏರ್ ರೈಫಲ್‌ನ ಗ್ಯಾಸ್ ಪಿಸ್ಟನ್‌ನಲ್ಲಿ (ಸ್ಪ್ರಿಂಗ್ ಬದಲು ಒತ್ತಡದ ಗ್ಯಾಸ್ ತುಂಬಿದ ಸಿಲಿಂಡರ್) ಒತ್ತಡ ಜಾಸ್ತಿ ಇತ್ತು. ಕಾಕ್ ಮಾಡುವಷ್ಟರಲ್ಲೇ, ಅಂದರೆ ಹೊಡೆಯಲು ಸಜ್ಜು ಮಾಡುವಷ್ಟರಲ್ಲೇ, ಭುಜ ಸೋತುಹೋಗುತ್ತಿತ್ತು. ಹೊಡೆದರೆ ಒದೆತವೂ ಒರಟು, ಪೆಲೆಟ್‌ಗಳು (ಸಣ್ಣ ಗುಂಡುಗಳು) ಗುರಿಯ ಸುತ್ತ ಚದುರುತ್ತಿದ್ದವು. ಅದಕ್ಕೇ ಈ ಟೂಲ್ ತರಿಸಿದೆ.

ಇರುವುದು ಇಷ್ಟೇ: ಹಿತ್ತಾಳೆಯ ಬಾಡಿ, ಒಳಗೊಂದು ಓ-ರಿಂಗ್ (ಗ್ಯಾಸ್ ಸೋರದಂತೆ ತಡೆಯುವ ಉಂಗುರ), ನಡುವೆ ಒತ್ತೊತ್ತಾದ ಸಣ್ಣ ಥ್ರೆಡ್‌ನ ಸ್ಕ್ರೂ. ಪಿಸ್ಟನ್‌ನ ವಾಲ್ವ್‌ಗೆ ಕೂರಿಸಿ ತಿರುಗಿಸಿದರೆ ಸ್ಕ್ರೂ ತುದಿ ವಾಲ್ವ್ ಪಿನ್ನನ್ನು ಒತ್ತುತ್ತದೆ. ಆ ಸಣ್ಣ ಥ್ರೆಡ್ಡೇ ಇದರ ಜೀವಾಳ. ಕೂದಲೆಳೆಯಷ್ಟು ತಿರುಗಿಸಿ, ‘ಸ್ಸ್’ ಅಂದ ಕೂಡಲೇ ಹಿಂದಕ್ಕೆ ತಿರುಗಿಸಿದರೆ ಸಾಕು. ಸುಮ್ನೆ ಮೊಳೆಯಿಂದ ಪಿನ್ ಚುಚ್ಚುವವರಿಗೆ ಈ ಹಿಡಿತ ಸಿಗುವುದಿಲ್ಲ. ಜಾಸ್ತಿ ಇಳಿಸಿಬಿಟ್ಟರೆ ಮತ್ತೆ ತುಂಬಲು ಹೈ ಪ್ರೆಶರ್ ಪಂಪ್ ಬೇಕು, ಅಲ್ವಾ?

ಕೈಪಿಡಿಯಲ್ಲಿ ಮುಖ್ಯವಾದದ್ದೇ ಇಲ್ಲ. ರೈಫಲ್‌ನಲ್ಲಿ ಪೆಲೆಟ್ ಇರಬಾರದು, ಕಾಕ್ ಆಗಿರಬಾರದು, ಕಣ್ಣಿಗೆ ಸೇಫ್ಟಿ ಕನ್ನಡಕ ಬೇಕು, ವಾಲ್ವ್ ಮುಖದ ಕಡೆ ತಿರುಗಿರಬಾರದು. ಸ್ಪ್ರಿಂಗ್ ರೈಫಲ್ ಬಳಸಿದವರು ಇನ್ನೊಂದು ಗಮನಿಸಿ: ಕಾಕ್ ಮಾಡದಿದ್ದರೂ ಗ್ಯಾಸ್ ಪಿಸ್ಟನ್‌ನೊಳಗೆ ಭಾರಿ ಒತ್ತಡ ಇದ್ದೇ ಇರುತ್ತದೆ.

ವಾಲ್ವ್ ಇಲ್ಲದ ಸೀಲ್ಡ್ ಪಿಸ್ಟನ್‌ಗೆ ಈ ಟೂಲ್ ಉಪಯೋಗವಿಲ್ಲ. ಅಂಥದ್ದಕ್ಕೆ ಡ್ರಿಲ್ ಹಿಡಿಯುವ ಸಾಹಸವೂ ಬೇಡ, ಪಿಸ್ಟನ್ನನ್ನೇ ಬದಲಾಯಿಸಿ.

ಈಗ ಕಾಕಿಂಗ್ ಹಗುರ, ಪೆಲೆಟ್‌ಗಳೂ ಒತ್ತಾಗಿ ಬೀಳುತ್ತಿವೆ. ಟೂಲ್‌ಗೆ 5 ಸ್ಟಾರ್, ಕೈಪಿಡಿಗೆ 1.