ನವನಗರದ ಕೆಳಮನೆ: ವಿದ್ಯಾರ್ಥಿಗಳಿಗೋ, ನೌಕರರ ಕುಟುಂಬಕ್ಕೋ, ಅಂಗಡಿಗೋ?

ನಿವೃತ್ತಿಯ ಹಣದಲ್ಲಿ ಬಾಗಲಕೋಟೆಯ ನವನಗರದಲ್ಲಿ ಮನೆ ಕೊಂಡು, ಮೇಲೆ ತಾವಿದ್ದು ಕೆಳಗಿನದನ್ನು ಬಾಡಿಗೆಗೆ ಕೊಡಬೇಕೆಂದಿರುವವರು ಅದನ್ನು ವರ್ಗವಾಗಿ ಬಂದ ಸರ್ಕಾರಿ ನೌಕರರ ಕುಟುಂಬಕ್ಕೆ ಕೊಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆಯ ಮೊತ್ತವನ್ನಷ್ಟೇ ನೋಡಿದರೆ ಈ ಸಲಹೆ ತಪ್ಪೆನಿಸುತ್ತದೆ, ಏಕೆಂದರೆ ಅದೇ ಜಾಗವನ್ನು ವಿದ್ಯಾರ್ಥಿಗಳಿಗೆ ಖೋಲಿಗಳಾಗಿ ಕೊಟ್ಟಾಗ ನನಗೆ ಹೆಚ್ಚು ಹಣ ಬರುತ್ತಿತ್ತು. ಮೂರೂ ಬಗೆಯ ಬಾಡಿಗೆದಾರರನ್ನು ಇಟ್ಟುಕೊಂಡು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಹಳೆಯ ಊರಿನವರಿಗಾಗಿ ನವನಗರ ಹುಟ್ಟಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಚೇರಿಗಳೂ, ಅವುಗಳ ಬೆನ್ನಿಗೆ ಕಾಲೇಜುಗಳೂ ಬಂದವು. ಹೀಗಾಗಿ ಇಲ್ಲಿ ಬಾಡಿಗೆಗೆ ಜನ ಸಿಗುವುದು ಕಷ್ಟವಲ್ಲ, ಯಾರಿಗೆ ಕೊಡಬೇಕೆಂಬುದೇ ಪ್ರಶ್ನೆ. ನನಗೆ ಮನೆ ಮಾರಿದವರು ಕೆಳಗಿನ ಭಾಗವನ್ನು ನಾಲ್ಕು ಖೋಲಿಗಳಾಗಿ ಒಡೆದು, ರಸ್ತೆಯ ಮಗ್ಗುಲಿಗೆ ಚಿಕ್ಕದೊಂದು ಅಂಗಡಿಯನ್ನೂ ಕಟ್ಟಿಸಿದ್ದರು. ಮೇಲಿನ ಮನೆಗೆ ಒಂದು ಮೀಟರು, ಅಂಗಡಿಗೆ ವಾಣಿಜ್ಯ ದರದ್ದೊಂದು, ಕೆಳಗಿನ ನಾಲ್ಕೂ ಖೋಲಿಗಳಿಗೆ ಸೇರಿ ಒಂದೇ ಒಂದು. ಮುಂದಿನ ತಕರಾರೆಲ್ಲ ಆ ಕೊನೆಯ ಮೀಟರಿನದು.

ವಿದ್ಯಾರ್ಥಿಗಳು ಒಂದು ಖೋಲಿಗೆ ಇಬ್ಬರಂತೆ ಇದ್ದರು. ತಲೆಗೆ ಒಂದು ಸಾವಿರದ ಎಂಟುನೂರು ರೂಪಾಯಿ, ಒಟ್ಟು ತಿಂಗಳಿಗೆ 14,400. ಹುಡುಗರು ಕೆಟ್ಟವರಲ್ಲ, ಗದ್ದಲ ಮಾಡುತ್ತಾರೆ, ಗೋಡೆಗೆ ಮೊಳೆ ಹೊಡೆಯುತ್ತಾರೆ ಎಂಬ ದೂರುಗಳನ್ನು ನಾನು ದೊಡ್ಡದು ಮಾಡುವುದಿಲ್ಲ. ತೊಂದರೆ ಬಂದದ್ದು ಕರೆಂಟಿನಿಂದ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರಿಗೂ ಅದರ ಲಾಭ ಸಿಗುವಂತೆ ಸರ್ಕಾರ ಮಾಡಿದ್ದು ಸರಿಯಾದ ಕೆಲಸವೇ. ಆದರೆ ಅದರ ಲೆಕ್ಕ ನಡೆಯುವುದು ಮೀಟರಿನ ಮೇಲೆ, ಆ ಮೀಟರಿನ ಹಿಂದೆ ಎಷ್ಟು ಜನ ಇದ್ದಾರೆಂಬುದರ ಮೇಲಲ್ಲ. 2022-23ರ ಸರಾಸರಿ ಬಳಕೆಗೆ ಇಷ್ಟು ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡುತ್ತಾರೆ. ಅದನ್ನು ಮೀರಿ 200 ಯೂನಿಟ್ಟಿನ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಒಬ್ಬರ ಹೆಸರಿನಲ್ಲಿ ಒಂದೇ ಸಂಪರ್ಕಕ್ಕೆ ಈ ಲಾಭ. ನನ್ನ ಹೆಸರು ಮೇಲಿನ ಮನೆಗೆ ಸಂದಿತ್ತಾದ್ದರಿಂದ ಕೆಳಗಿನ ಮೀಟರಿಗೆ ಎಂಟು ಹುಡುಗರಲ್ಲಿ ಒಬ್ಬನ ಆಧಾರ್ ಜೋಡಿಸಬೇಕಾಯಿತು.

ಮಳೆಗಾಲ, ಚಳಿಗಾಲಗಳಲ್ಲಿ ಹೇಗೋ ನಡೆಯಿತು. ಹಿಂದೆಲ್ಲ ವಿದ್ಯಾರ್ಥಿಗಳು ಖಾನಾವಳಿಯಲ್ಲಿ ಉಂಡು ಬಂದು ಮಲಗುತ್ತಿದ್ದರು, ಖೋಲಿಗೆ ಒಂದು ಬಲ್ಬು, ಒಂದು ಫ್ಯಾನು ಸಾಕಾಗುತ್ತಿತ್ತು. ಈಗ ಪ್ರತಿ ಖೋಲಿಯಲ್ಲೂ ಇಂಡಕ್ಷನ್ ಒಲೆ ಇದೆ, ನೀರು ಕಾಯಿಸುವ ಕಾಯಿಲ್ ಇದೆ, ಮಾರ್ಚ್ ಮುಗಿಯುವ ಹೊತ್ತಿಗೆ ಕೂಲರು ಬರುತ್ತದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಕೂಲರು ಬೇಡವೆನ್ನುವುದು ಅಮಾನವೀಯ, ನಾನು ಅನ್ನಲೂ ಇಲ್ಲ. ಬೇಸಿಗೆ ಬಂದ ಕೂಡಲೇ ಮೀಟರು 200ನ್ನು ದಾಟಿತು, ಇಡೀ ಬಿಲ್ಲು ಬಂತು. ಅದನ್ನು ಯಾರು ಕಟ್ಟಬೇಕು? ಕೂಲರು ಇಲ್ಲದ ಖೋಲಿಯವರು ಕೂಲರಿನವರ ಕಡೆ ಬೆರಳು ತೋರಿಸಿದರು. ಕೂಲರಿನವರು, ತಾವು ಎರಡು ವಾರ ಊರಿನಲ್ಲೇ ಇರಲಿಲ್ಲವೆಂದರು. ಎಲ್ಲರೂ ಸೇರಿ ನನ್ನ ಬಳಿ ಬಂದು, “ಸರ್, ಎಲ್ಲಾರಿಗೂ ಕರೆಂಟ್ ಫ್ರೀ ಐತಿ, ನಮಗಷ್ಟ ಯಾಕ್ರೀ ಬಿಲ್?” ಎಂದು ಕೇಳಿದರು. ನಿಯಮವನ್ನು ವಿವರಿಸಿದರೂ, ಮಾಲೀಕ ಹಣ ತಿನ್ನುತ್ತಿದ್ದಾನೆ ಎಂಬ ಅನುಮಾನ ಅವರ ಮುಖದಿಂದ ಹೋಗಲಿಲ್ಲ. ಅನುಮಾನಕ್ಕೆ ಕಾರಣವೂ ಇದೆ: ಶೂನ್ಯ ಬಿಲ್ಲು ಪಡೆದು ಹುಡುಗರಿಂದ ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡುವ ಮಾಲೀಕರೂ ಇದ್ದಾರೆ.

ಖೋಲಿಗೊಂದು ಸಬ್ ಮೀಟರು ಹಾಕಿಸಿದೆ. ಯೂನಿಟ್ಟಿನ ಜಗಳ ಮುಗಿಯಿತು, ಉಳಿದದ್ದರ ಜಗಳ ಶುರುವಾಯಿತು. ಬಿಲ್ಲಿನಲ್ಲಿ ನಿಗದಿತ ಶುಲ್ಕವೆಂಬುದೊಂದು ಇರುತ್ತದೆ, ನೀರಿನ ಮೋಟರು ಮತ್ತು ಓಣಿಯ ದೀಪ ಯಾವ ಖೋಲಿಯ ಸಬ್ ಮೀಟರಿಗೂ ಸೇರುವುದಿಲ್ಲ. ಅವನ್ನು ಖೋಲಿಗೆ ಸಮನಾಗಿ ಹಂಚಬೇಕೋ, ತಲೆಗೆ ಹಂಚಬೇಕೋ, ಬಳಕೆಯ ಪ್ರಮಾಣಕ್ಕೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ ನನಗೆ ಸಿಗಲಿಲ್ಲ. ಪ್ರತಿ ಖೋಲಿಗೂ ಇಲಾಖೆಯ ಮೀಟರನ್ನೇ ಪಡೆಯೋಣವೆಂದರೆ, 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಸಿದ್ಧವೆಂದು ಸ್ಥಳೀಯ ಆಡಳಿತ ಕೊಡುವ ಪತ್ರ) ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಕೊಡುವ ವಿಷಯ ಬಿಗಿಯಾಗಿತ್ತು, ಮತ್ತು ನನಗೆ ಮಾರಿದವರು ಆ ಪತ್ರವನ್ನು ಪಡೆದೇ ಇರಲಿಲ್ಲ. ಮನೆ ಕೊಳ್ಳುವವರು ಖಾತೆ ಉತಾರೆಯ ಜೊತೆಗೆ ಆ ಪತ್ರವನ್ನೂ ಕೇಳಿ ನೋಡಬೇಕು.

ಇಷ್ಟಕ್ಕೂ ಮುಗಿಯಲಿಲ್ಲ. ಆಧಾರ್ ಜೋಡಿಸಿದ್ದ ಹುಡುಗ ಓದು ಮುಗಿಸಿ ಊರಿಗೆ ಹೋದ, ಜೋಡಣೆ ಮಾತ್ರ ಮೀಟರಿನಲ್ಲೇ ಉಳಿಯಿತು. ಹೊಸಬರು ಅರ್ಜಿ ಹಾಕಿದರೆ ಈ ಸಂಪರ್ಕಕ್ಕೆ ಈಗಾಗಲೇ ನೋಂದಣಿಯಾಗಿದೆ ಎಂಬ ಉತ್ತರ. ಮನೆ ಬದಲಿಸುವವರು ಜೋಡಣೆಯನ್ನು ಬಿಡಿಸಿಕೊಳ್ಳುವ ಸೌಲಭ್ಯ ಸೇವಾಸಿಂಧುವಿನಲ್ಲಿ 2024ರಿಂದ ಇದೆ, ಆದರೆ ಬಿಡಿಸಬೇಕಾದವನೇ ಫೋನು ಎತ್ತದಿದ್ದರೆ ಮಾಲೀಕನು ಏನು ಮಾಡಬೇಕು? ಡಿಪಾಜಿಟ್ ಹಣವನ್ನು ಅವನು ಆಗಲೇ ವಾಪಸ್ ತೆಗೆದುಕೊಂಡಿದ್ದ. ಕೊನೆಗೆ ಅವನ ತಂದೆಯನ್ನು ಹುಡುಕಿ, ಅವರಿಂದ ಹೇಳಿಸಿ ಆ ಕೆಲಸ ಮಾಡಿಸಿಕೊಂಡೆ.

ಅಂಗಡಿಯ ವಿಷಯ ಚಿಕ್ಕದು. ಝೆರಾಕ್ಸ್ ಅಂಗಡಿಯವರು ತಿಂಗಳ ಮೊದಲ ವಾರದಲ್ಲೇ ಐದು ಸಾವಿರ ಕೊಡುತ್ತಿದ್ದರು, ವರ್ಷಕ್ಕೆ ಶೇ 10 ಏರಿಕೆಗೂ ಬರೆದುಕೊಟ್ಟಿದ್ದರು. ಹಣದ ವ್ಯವಹಾರದಲ್ಲಿ ಅವರಷ್ಟು ಚೊಕ್ಕ ಬಾಡಿಗೆದಾರರು ನನಗೆ ಸಿಕ್ಕಿಲ್ಲ. ಅವರು ಬಿಟ್ಟುಹೋದ ಮೇಲೆ ಮಾತ್ರ, ಅಂಗಡಿ ಮುಚ್ಚಿದ್ದರೂ ವಾಣಿಜ್ಯ ಮೀಟರಿನ ನಿಗದಿತ ಶುಲ್ಕವನ್ನು ನಾನೇ ಕಟ್ಟುತ್ತ ಬಂದೆ. ನಂತರ ಕೇಳಿಕೊಂಡು ಬಂದವರು ಹಿಟ್ಟಿನ ಗಿರಣಿ ಹಾಕುವವರು. ಮಲಗುವ ಕೋಣೆಯ ಕೆಳಗೆ ಗಿರಣಿ ಬೇಡವೆಂದೆ. ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮವೂ ಇದೆ: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಿರುವ ಊರುಗಳಲ್ಲಿ ದೊಡ್ಡ ವಾಣಿಜ್ಯ ಜಾಗಗಳು ಅದರ ಹೊರಗಿವೆ, 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳು ಒಳಗೆ ಬರಬಹುದು. ಹತ್ತು ಅಡಿಗೆ ಹನ್ನೆರಡು ಅಡಿಯ ಅಂಗಡಿಯೆಂದರೆ ಸುಮಾರು 11 ಚದರ ಮೀಟರ್. ಸಣ್ಣ ಅಂಗಡಿಯವರು ಏಳುವುದಿಲ್ಲವೆಂದು ಕುಳಿತರೆ ಕಾಯ್ದೆ ಹೇಳುವ ಕಾರಣಗಳನ್ನೇ ನ್ಯಾಯಾಲಯದಲ್ಲಿ ತೋರಿಸಬೇಕಾಗಬಹುದು.

ಇನ್ನು ಕುಟುಂಬ. ಖೋಲಿಗಳ ನಡುವಿನ ಗೋಡೆಗೆ ಬಾಗಿಲು ಒಡೆಸಿ, ಒಂದಕ್ಕೆ ಅಡುಗೆ ಕಟ್ಟೆ ಹಾಕಿಸಿ, ನಾಲ್ಕನ್ನೂ ಒಂದು ಮನೆ ಮಾಡಿದೆ. ಕಚೇರಿಯೊಂದರ ನೌಕರರು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಂದರು. ಬಾಡಿಗೆ 8,500. ಇದಕ್ಕಿಂತ ಹೆಚ್ಚು ಕೇಳಿ ಪ್ರಯೋಜನವಿಲ್ಲವೆಂಬುದು ನಾನೂ ನೌಕರನಾಗಿದ್ದವನಾದ್ದರಿಂದ ಗೊತ್ತು: 2024ರ ಆಗಸ್ಟಿನ ವೇತನ ಪರಿಷ್ಕರಣೆಯಲ್ಲಿ ಬಾಗಲಕೋಟೆಯಂಥ ಊರಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5, ಅಂದರೆ 60 ಸಾವಿರದ ಮೂಲ ವೇತನಕ್ಕೆ 4,500 ರೂಪಾಯಿ. ಉಳಿದದ್ದು ಅವರ ಕೈಯಿಂದ ಹೋಗುತ್ತದೆ.

ಒಂದು ಮೀಟರಿಗೆ ಒಂದು ಒಲೆ ಎಂದಾದ ಕೂಡಲೇ ಮೇಲೆ ಹೇಳಿದ ಜಗಳಗಳೆಲ್ಲ ಇಲ್ಲವಾದವು. ಅವರ ಆಧಾರ್, ಅವರ ಬಿಲ್ಲು. ಬೇಸಿಗೆಯಲ್ಲಿ 200 ದಾಟಿದರೆ ಅವರೇ ಕಟ್ಟುತ್ತಾರೆ, ನನಗೆ ಹೇಳುವುದೂ ಇಲ್ಲ. ಹನ್ನೊಂದು ತಿಂಗಳ ಕರಾರು ಪತ್ರ, ಮುಗಿದಾಗ ಹೊಸದು. ಮೋಟರು ಹಾಕುವುದನ್ನು ಅವರ ಮನೆಯವರೇ ನೋಡಿಕೊಳ್ಳುತ್ತಾರೆ. ವರ್ಷದ ಲೆಕ್ಕ ಹಾಕಿದರೆ ಕುಟುಂಬದಿಂದ 1,02,000 ಬರುತ್ತದೆ. ರಜೆಯಲ್ಲಿ ಖೋಲಿ ಖಾಲಿ ಬೀಳುವ ಎರಡು ತಿಂಗಳು ಕಳೆದರೂ ವಿದ್ಯಾರ್ಥಿಗಳಿಂದ 1,44,000 ಬರುತ್ತಿತ್ತು. ಸುಣ್ಣ ಬಣ್ಣ, ನಳ, ಸಂಡಾಸದ ದುರಸ್ತಿ, ವಸೂಲಾಗದ ಬಿಲ್ಲುಗಳೆಲ್ಲ ಸೇರಿ ಆ 42 ಸಾವಿರದ ಅಂತರವನ್ನು ಪೂರ್ತಿ ತಿಂದುಹಾಕಲಿಲ್ಲ. ವಿದ್ಯಾರ್ಥಿಗಳದ್ದೇ ಲಾಭ ಹೆಚ್ಚು, ಅದರಲ್ಲಿ ಸಂಶಯವಿಲ್ಲ. ಆದಾಯ ತೆರಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯ ಶೇ 30ರಷ್ಟನ್ನು, ದುರಸ್ತಿಗೆ ಎಷ್ಟೇ ಖರ್ಚಾಗಿರಲಿ, ಬಿಡುತ್ತಾರೆ; ಖರ್ಚು ಕಡಿಮೆಯಿರುವ ಕುಟುಂಬದ ಬಾಡಿಗೆಗೆ ಅದು ಹೆಚ್ಚು ಅನುಕೂಲ.

ನನಗೆ ಪಿಂಚಣಿ ಬರುತ್ತದೆ, ಮನೆಯ ಮೇಲೆ ಸಾಲವಿಲ್ಲ, ರಾತ್ರಿ ಒಂಬತ್ತಕ್ಕೆ ಮಲಗುವವನು, ಮತ್ತು ಬಾಡಿಗೆದಾರರ ತಲೆಯ ಮೇಲೆಯೇ ವಾಸ. ಸಾಲದ ಕಂತು ಕಟ್ಟುತ್ತಿರುವ ದುಡಿಯುವ ವಯಸ್ಸಿನವರ ಲೆಕ್ಕ ಬೇರೆ, ಅದರಲ್ಲೂ ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆಯನ್ನು ಮೀರಿದ ಬಡ್ಡಿಯ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲವಾದ್ದರಿಂದ ಅವರಿಗೆ ಆ 42 ಸಾವಿರ ಬಿಡಲಾಗದ ಹಣ. ಅಂಥವರು ಕಾಲೇಜುಗಳಿರುವ ವಿದ್ಯಾಗಿರಿಯ ಕಡೆ, ಖೋಲಿಗೊಂದು ಪ್ರತ್ಯೇಕ ಮೀಟರು ಮೊದಲೇ ಇರುವ ಕಟ್ಟಡವನ್ನು ಹುಡುಕಿ ಕೊಳ್ಳಲಿ.

ನೌಕರರಿಗೆ ಕೊಡುವುದರಲ್ಲಿ ಇರುವ ಒಂದೇ ತೊಡಕು ವರ್ಗಾವಣೆ. ನಮ್ಮ ಬಾಡಿಗೆದಾರರ ಹೆಸರೂ ಈ ಸಲದ ಪಟ್ಟಿಯಲ್ಲಿ ಬರಬಹುದೆನ್ನುತ್ತಿದ್ದಾರೆ. ಮುಂದಿನ ಕರಾರು ಪತ್ರದ ಕರಡಿನಲ್ಲಿ, ಗೃಹಜ್ಯೋತಿಯ ಜೋಡಣೆ ಬಿಡಿಸಿದ ರಸೀದಿ ತೋರಿಸಿದ ಮೇಲೆಯೇ ಡಿಪಾಜಿಟ್ ಮರಳಿ ಕೊಡಲಾಗುವುದು ಎಂಬ ಷರತ್ತನ್ನು ಈಗಲೇ ಸೇರಿಸಿ ಇಟ್ಟಿದ್ದೇನೆ.